ನಾಟಿ ಹಾಕಿದ ಮೇಲೆ ನಾಲೆ ನಿಲ್ಲಿಸದ ಸರ್ಕಾರ ಯಾವುದು? ವಿದೇಶ ವ್ಯಾಸಂಗಕ್ಕೆ ಐದು ದೇಶಗಳ ವಲಸೆ ನೀತಿಯ ಹೋಲಿಕೆ

ಪಾಂಡವಪುರದ ಕಡೆಯಿಂದ ನನ್ನ ಭಾವ ಒಂದು ಭಾನುವಾರ ಬೆಳಿಗ್ಗೆ ಮೈಸೂರಿನ ನಮ್ಮ ಮನೆಗೆ ಬಂದಾಗ ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಕವರೊಂದು ಇತ್ತು. ಊಟದ ಮೇಜಿನ ಮೇಲೆ ಅದರಿಂದ ಒಂದೊಂದಾಗಿ ತೆಗೆದಿಟ್ಟ ಕಾಗದಗಳೆಂದರೆ ಮೂರು ಎಕರೆ ಗದ್ದೆಯ ಪಹಣಿ, ಮೈಸೂರಿನಲ್ಲಿರುವ ಮೂವತ್ತು-ನಲವತ್ತರ ಸೈಟಿನ ಕ್ರಯಪತ್ರ, ಅದರ ಖಾತೆ ಮತ್ತು ಇಸಿ, ಮಗನ ಬಿಇ ಅಂಕಪಟ್ಟಿಗಳು, ಕೊನೆಗೆ ನಾಲ್ಕು ದೇಶಗಳ ನಾಲ್ಕು ಆಫರ್ ಲೆಟರ್. ಮಗ, ಅಂದರೆ ನನ್ನ ಸೋದರಳಿಯ, ಮೆಕ್ಯಾನಿಕಲ್ ಓದಿ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಕಾಲೇಜಿನಲ್ಲಿ ಪಾಠ ಮಾಡುವ ನಾನು ವರ್ಷಕ್ಕೆ ಹತ್ತಿಪ್ಪತ್ತು ಶಿಫಾರಸು ಪತ್ರ ಬರೆಯುವವನಾದ್ದರಿಂದ, ಯಾವ ದೇಶ ಒಳ್ಳೆಯದೆಂದು ನಾನೇ ಹೇಳಬೇಕೆಂಬುದು ಅವರ ನಿರೀಕ್ಷೆ. ನಾನು ಶುಲ್ಕ, ರ‍್ಯಾಂಕಿಂಗ್, ಹವಾಮಾನ ಎಂದೆಲ್ಲ ಶುರು ಮಾಡುತ್ತಿದ್ದಂತೆ ಅವರು ತಡೆದರು: "ಅದೆಲ್ಲ ಇರ್ಲಿ ಕಣಪ್ಪ. ನಾಟಿ ಹಾಕುದ್ ಮೇಲೆ ನಾಲೆ ನಿಲ್ಸ್‌ಬುಟ್ರೆ ಏನ್ ಮಾಡದು? ಯಾವ ದೇಸ್ದೋರು ಹಂಗ್ ಮಾಡಕಿಲ್ಲ, ಅದ ಹೇಳು."

ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿದ ರೈತನಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು, ಮತ್ತು ಕಳೆದ ಮೂರು ವರ್ಷಗಳ ವಿದ್ಯಾರ್ಥಿ ವೀಸಾ ನೀತಿಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಕನ್ಸಲ್ಟೆನ್ಸಿಯವರು ಕೊಡುವ ಹೋಲಿಕೆಯ ಪಟ್ಟಿಯಲ್ಲಿ ಇಂದಿನ ನಿಯಮ ಇರುತ್ತದೆ: ಇಷ್ಟು ವರ್ಷ ಕೆಲಸದ ವೀಸಾ, ವಾರಕ್ಕೆ ಇಷ್ಟು ಗಂಟೆ ದುಡಿಮೆ, ಇಷ್ಟು ವರ್ಷಕ್ಕೆ ಪಿಆರ್, ಅಂದರೆ ಕಾಯಂ ನಿವಾಸ. ಆದರೆ ಇಂದು ಹೊರಡುವ ಹುಡುಗನಿಗೆ ಆ ನಿಯಮ ಬೇಕಾಗುವುದು ಇನ್ನು ಎರಡು ವರ್ಷದ ಮೇಲೆ. ಆದ್ದರಿಂದ ಈ ಬರಹದಲ್ಲಿ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕ, ಜರ್ಮನಿಗಳನ್ನು ಇಂದು ಏನು ಕೊಡುತ್ತಾರೆ ಎಂಬುದಕ್ಕಿಂತ, ಕೊಟ್ಟ ಮಾತನ್ನು ಯಾವ ಕಾಗದದ ಮೇಲೆ ಬರೆದಿದ್ದಾರೆ, ಮಾತು ಬದಲಿಸಿದಾಗ ಆಗಲೇ ಹೋಗಿ ಓದುತ್ತಿದ್ದವರನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂಬುದರ ಮೇಲೆ ಹೋಲಿಸಿದ್ದೇನೆ.

ಬಾಯಿಮಾತು, ಅಗ್ರಿಮೆಂಟ್, ಶುದ್ಧ ಕ್ರಯ

ಸೈಟ್ ಕೊಳ್ಳುವಾಗ ನಮ್ಮವರಿಗೆ ಇರುವ ಎಚ್ಚರ ವೀಸಾ ವಿಷಯದಲ್ಲಿ ಇರುವುದಿಲ್ಲ. ಮಾರುವವನ ಬಾಯಿಮಾತಿಗೂ, ಛಾಪಾಕಾಗದದ ಅಗ್ರಿಮೆಂಟಿಗೂ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಶುದ್ಧ ಕ್ರಯಪತ್ರಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ವಲಸೆ ನೀತಿಯಲ್ಲಿಯೂ ಇವೇ ಮೂರು ಬಗೆಗಳಿವೆ. ಸಚಿವರೋ ಅಧ್ಯಕ್ಷರೋ ಒಂದು ದಿನ ಸಹಿ ಹಾಕಿ ಬದಲಿಸಬಹುದಾದ ಆದೇಶ ಬಾಯಿಮಾತಿಗೆ ಸಮ. ಸಂಸತ್ತಿನ ಮುಂದೆ ಇಡಬೇಕಾದ, ಮುನ್ಸೂಚನೆ ಕೊಟ್ಟು ಬದಲಿಸುವ ನಿಯಮಾವಳಿ ಅಗ್ರಿಮೆಂಟಿಗೆ ಸಮ. ಸಂಸತ್ತೇ ಅಂಗೀಕರಿಸಿದ ಕಾಯ್ದೆ ಅಥವಾ ಎರಡು ದೇಶಗಳ ನಡುವಿನ ಒಪ್ಪಂದವು ಕ್ರಯಪತ್ರಕ್ಕೆ ಸಮ. ಕ್ರಯಪತ್ರವಿದ್ದರೂ ತಕರಾರು ಬರಬಹುದು, ಆದರೆ ರಾತ್ರೋರಾತ್ರಿ ಬರುವುದಿಲ್ಲ.

ಇನ್ನೊಂದು ಮಾತು. ಈ ಸರ್ಕಾರಗಳು ನಿಯಮ ಬಿಗಿ ಮಾಡಿದ್ದಕ್ಕೆ ನಮ್ಮ ಮೇಲಿನ ದ್ವೇಷವೇ ಕಾರಣ ಎಂದು ಭಾವಿಸುವುದು ತಪ್ಪು. ಕೆನಡಾದಲ್ಲಿ 2023ರ ಕೊನೆಗೆ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಬ್ರಿಟನ್ನಿನ ನಿವ್ವಳ ವಲಸೆ (ಬಂದವರಲ್ಲಿ ಹೋದವರನ್ನು ಕಳೆದ ಸಂಖ್ಯೆ) 2023ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಒಂಬತ್ತು ಲಕ್ಷ ಮೀರಿತ್ತು, ಆಸ್ಟ್ರೇಲಿಯಾದಲ್ಲಿ 2022-23ರಲ್ಲಿ ಐದು ಲಕ್ಷ ಮೀರಿತ್ತು. ಮನೆ ಬಾಡಿಗೆ ಏರಿತು, ಮತದಾರ ಸಿಟ್ಟಾದ, ಸರ್ಕಾರ ಬಾಗಿಲು ಎಳೆಯಿತು. ಆದರೆ ಆ ಮಟ್ಟಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡವರೂ ಅವರೇ. ಕೆನಡಾದ ಆಂಟಾರಿಯೊ ಪ್ರಾಂತ್ಯ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇಕಡಾ 10ರಷ್ಟು ಇಳಿಸಿ ಅಲ್ಲಿಗೇ ನಿಲ್ಲಿಸಿದ ಮೇಲೆ, ಅಲ್ಲಿನ ಕಾಲೇಜುಗಳು ಆ ನಷ್ಟವನ್ನು ತುಂಬಿಕೊಂಡದ್ದು ಪಂಜಾಬ್, ಗುಜರಾತ್, ಆಂಧ್ರ ಮತ್ತು ನಮ್ಮ ಕಡೆಯ ತಂದೆತಾಯಿಗಳ ಜೇಬಿನಿಂದ.

ಕೆನಡಾ: ಉದಾರವಾಗಿ ಕೊಟ್ಟು ದಿಢೀರನೆ ಕಿತ್ತುಕೊಂಡ ದೇಶ

2024ರ ಜನವರಿ 22. ಮೈಸೂರಿನ ಶಿಲ್ಪಿ ಕೆತ್ತಿದ ಬಾಲರಾಮನ ಪ್ರತಿಷ್ಠಾಪನೆಯನ್ನು ಊರೆಲ್ಲ ಟಿವಿಯಲ್ಲಿ ನೋಡುತ್ತಿದ್ದ ದಿನ. ಅಂದೇ ಕೆನಡಾದ ಅಂದಿನ ವಲಸೆ ಸಚಿವ ಮಾರ್ಕ್ ಮಿಲ್ಲರ್ ಅವರು ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕುವುದಾಗಿ ಘೋಷಿಸಿದರು. 2024ರಲ್ಲಿ ಸುಮಾರು 3,60,000 ಪರವಾನಗಿ, ಅಂದರೆ ಹಿಂದಿನ ವರ್ಷಕ್ಕಿಂತ ಶೇಕಡಾ 35ರಷ್ಟು ಕಡಿಮೆ. ಈ ಮಿತಿಯೊಳಗೆ ವಿದ್ಯಾರ್ಥಿಗೆ ಜಾಗವಿದೆಯೆಂದು ಹೇಳುವ ಪ್ರಾಂತ್ಯದ ದೃಢೀಕರಣ ಪತ್ರವಿಲ್ಲದ ಹೊಸ ಅರ್ಜಿಗಳನ್ನು ಬಹುಪಾಲು ಅಂದಿನಿಂದಲೇ ಸ್ವೀಕರಿಸುವುದಿಲ್ಲವೆಂದರು, ಆದರೆ ಅಂಥ ಪತ್ರ ಕೊಡುವ ವ್ಯವಸ್ಥೆಯೇ ಪ್ರಾಂತ್ಯಗಳಲ್ಲಿ ಆಗಿನ್ನೂ ಇರಲಿಲ್ಲ. ಸರ್ಕಾರಿ ಕಾಲೇಜಿನ ಪರವಾನಗಿಯ ಮೇಲೆ ಖಾಸಗಿಯವರು ನಡೆಸುವ ಕೋರ್ಸುಗಳಿಗೆ ಓದಿನ ನಂತರದ ಕೆಲಸದ ಪರವಾನಗಿಯನ್ನು ಸೆಪ್ಟೆಂಬರ್ 1ರಿಂದ ನಿಲ್ಲಿಸುವುದಾಗಿ ಹೇಳಿ, ಆಮೇಲೆ ಆ ದಿನಾಂಕವನ್ನೂ ಮೇ 15ಕ್ಕೆ ಎಳೆದುಕೊಂಡರು. ಭಾರತೀಯರ ಅರ್ಜಿಗಳನ್ನು ಬೇಗ ಇತ್ಯರ್ಥ ಮಾಡುತ್ತಿದ್ದ ಎಸ್‌ಡಿಎಸ್ ಎಂಬ ತ್ವರಿತ ವ್ಯವಸ್ಥೆಯನ್ನು 2024ರ ನವೆಂಬರ್ 8ರಂದು ಘೋಷಿಸಿದ ದಿನವೇ ಮುಚ್ಚಿದರು.

ಭಾವನ ಪ್ರಶ್ನೆಗೆ ನೇರ ಉತ್ತರ ಸಿಗುವುದು 2024ರ ನವೆಂಬರ್ 1ರ ಬದಲಾವಣೆಯಲ್ಲಿ. ಆ ದಿನ ಎರಡು ಷರತ್ತುಗಳು ಬಂದವು. ಪದವಿಯಲ್ಲದ ಕಾಲೇಜು ಕೋರ್ಸ್ ಓದಿದವರು ಕೆಲಸದ ಪರವಾನಗಿ ಪಡೆಯಬೇಕಾದರೆ ಅವರ ವಿಷಯ ಸರ್ಕಾರದ ಪಟ್ಟಿಯಲ್ಲಿ ಇರಬೇಕೆಂಬುದು ಮೊದಲನೆಯದು. ಇದನ್ನು ಅಂದಿನ ನಂತರ ವಿದ್ಯಾರ್ಥಿ ಪರವಾನಗಿಗೆ ಅರ್ಜಿ ಹಾಕಿದವರಿಗೆ ಮಾತ್ರ ಅನ್ವಯಿಸಿದರು. ಇದು ನ್ಯಾಯ. ಭಾಷಾ ಪರೀಕ್ಷೆಯ ಅಂಕ ತೋರಿಸಬೇಕೆಂಬುದು ಎರಡನೆಯದು. ಇದನ್ನು ಅಂದಿನ ನಂತರ ಕೆಲಸದ ಪರವಾನಗಿಗೆ ಅರ್ಜಿ ಹಾಕುವ ಎಲ್ಲರಿಗೂ, ಆಗಲೇ ಎರಡು ವರ್ಷ ಓದಿ ಮುಗಿಸಿದವರಿಗೂ, ಅನ್ವಯಿಸಿದರು. ನಾಟಿ ಹಾಕಿದ ಗದ್ದೆಗೆ ಒಂದು ತೂಬಿನಿಂದ ನೀರು ಬಿಟ್ಟು ಇನ್ನೊಂದನ್ನು ಮುಚ್ಚಿದ ಹಾಗಾಯಿತು.

ಹಾಗೆಂದು ಕೆನಡಾವನ್ನು ಪಟ್ಟಿಯಿಂದ ತೆಗೆದುಹಾಕಬೇಕಾಗಿಲ್ಲ. ಬಿಗಿ ಮಾಡಿದ್ದು ಮುಖ್ಯವಾಗಿ ಡಿಪ್ಲೊಮಾ ಮತ್ತು ಸರ್ಟಿಫಿಕೇಟ್ ಕೋರ್ಸುಗಳನ್ನು. ಸ್ನಾತಕೋತ್ತರ ಪದವಿಯ ವಿಷಯದಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸಿದೆ: 2024ರ ಫೆಬ್ರವರಿ 15ರಿಂದ ಎರಡು ವರ್ಷಕ್ಕಿಂತ ಚಿಕ್ಕದಾದ ಮಾಸ್ಟರ್ಸ್‌ಗೂ ಮೂರು ವರ್ಷದ ಕೆಲಸದ ಪರವಾನಗಿ ಸಿಗುತ್ತಿದೆ, 2026ರ ಜನವರಿ 1ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳ ಮಾಸ್ಟರ್ಸ್ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪ್ರಾಂತ್ಯದ ದೃಢೀಕರಣ ಪತ್ರ ಬೇಕಿಲ್ಲ. ಒಟ್ಟು ಹೊಸ ವಿದ್ಯಾರ್ಥಿಗಳ ಗುರಿಯನ್ನು 2026ಕ್ಕೆ 1,55,000ಕ್ಕೆ ಇಳಿಸಿರುವ ಸರ್ಕಾರವೇ ಈ ವಿನಾಯಿತಿಯನ್ನೂ ಕೊಟ್ಟಿದೆ. ಶುಲ್ಕದ ಹೊರತಾಗಿ ಜೀವನವೆಚ್ಚಕ್ಕೆಂದು ತೋರಿಸಬೇಕಾದ ಹಣ 2023ರವರೆಗೆ 10,000 ಕೆನಡಿಯನ್ ಡಾಲರ್ ಇದ್ದದ್ದು 2025ರ ಸೆಪ್ಟೆಂಬರ್‌ನಿಂದ 22,895 ಆಗಿದೆ. ಓದುವಾಗ ವಾರಕ್ಕೆ 24 ಗಂಟೆ ಹೊರಗೆ ದುಡಿಯಬಹುದು.

ನನ್ನ ಅಭಿಪ್ರಾಯ ಇಷ್ಟು: ಸರ್ಕಾರಿ ವಿಶ್ವವಿದ್ಯಾಲಯದ ಮಾಸ್ಟರ್ಸ್ ಆದರೆ ಕೆನಡಾ ಈಗಲೂ ಯೋಚಿಸತಕ್ಕ ದೇಶ. ಬಿಇ ಆದವನನ್ನು ಮತ್ತೆ ಡಿಪ್ಲೊಮಾಗೆ ಸೇರಿಸುವ ಸಲಹೆ ಯಾರಾದರೂ ಕೊಟ್ಟರೆ ಆ ಆಫರ್ ಲೆಟರನ್ನು ಅಲ್ಲಿಯೇ ಬಿಟ್ಟು ಎದ್ದು ಬರುವುದು ಲೇಸು. ಭಾವನ ಕವರಿನಲ್ಲಿದ್ದ ಕೆನಡಾದ ಪತ್ರ ಅಂಥದ್ದೇ ಆಗಿತ್ತು. ಆ ಕೋರ್ಸಿನ ಹೆಸರನ್ನು ಸರ್ಕಾರದ ಪಟ್ಟಿಯೊಂದಿಗೆ ತಾಳೆ ನೋಡಿದ್ದೀರಾ ಎಂದು ಕೇಳಿದಾಗ, ಅದು ಕನ್ಸಲ್ಟೆನ್ಸಿಯವರ ಕೆಲಸವೆಂದು ತಿಳಿದಿದ್ದೆವು ಎಂದರು. ಅದು ಅವರ ಕೆಲಸವಲ್ಲ. ಅವರಿಗೆ ಕಮಿಷನ್ ಬರುವುದು ಸೀಟು ತುಂಬಿದಾಗ, ಹುಡುಗನಿಗೆ ಕೆಲಸ ಸಿಕ್ಕಾಗ ಅಲ್ಲ.

ಬ್ರಿಟನ್: ಮುನ್ಸೂಚನೆ ಕೊಟ್ಟು ಬಾಗಿಲು ಹಾಕುವವರು

ಬ್ರಿಟನ್ನಿನ ನೀತಿ ಲೋಲಕದಂತೆ. ಓದಿನ ನಂತರ ಎರಡು ವರ್ಷ ಕೆಲಸ ಮಾಡುವ ಅವಕಾಶವನ್ನು 2012ರಲ್ಲಿ ರದ್ದು ಮಾಡಿದರು, 2021ರ ಜುಲೈ 1ರಿಂದ ಗ್ರಾಜುಯೇಟ್ ವೀಸಾ ಎಂಬ ಹೆಸರಿನಲ್ಲಿ ಮತ್ತೆ ಕೊಟ್ಟರು, 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಹದಿನೆಂಟು ತಿಂಗಳಿಗೆ ಇಳಿಸುವುದಾಗಿ ಹೇಳಿದರು. ಈ ಕಡಿತವು 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅನ್ವಯಿಸುತ್ತದೆ. ಪಿಎಚ್‌ಡಿಯವರಿಗೆ ಮೂರು ವರ್ಷ ಹಾಗೆಯೇ ಉಳಿದಿದೆ. ಬಹುಪಾಲು ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆದೊಯ್ಯುವುದನ್ನು ನಿಲ್ಲಿಸಿದ್ದೂ ಹೀಗೆಯೇ, 2023ರ ಮೇ ತಿಂಗಳಲ್ಲಿ ಘೋಷಿಸಿ 2024ರ ಜನವರಿಯಿಂದ ಶುರುವಾಗುವ ಕೋರ್ಸುಗಳಿಗೆ ಅನ್ವಯಿಸಿದರು. ಉದಾರಿಗಳಲ್ಲದಿದ್ದರೂ ಹೇಳಿ ಮಾಡುವವರು, ಅಷ್ಟು ಮರ್ಯಾದೆ ಸಲ್ಲಬೇಕು.

ಆದರೆ ಮುನ್ಸೂಚನೆಯ ಪ್ರಯೋಜನ ಲೆಕ್ಕ ಹಾಕುವವನಿಗೆ ಮಾತ್ರ. 2026ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಎಂಎಸ್ಸಿಗೆ ಸೇರುವವನು 2027ರ ಸೆಪ್ಟೆಂಬರ್‌ಗೆ ಓದು ಮುಗಿಸಿ, ಫಲಿತಾಂಶ ಬಂದು, ಡಿಸೆಂಬರ್ ಹೊತ್ತಿಗೆ ಗ್ರಾಜುಯೇಟ್ ವೀಸಾ ಪಡೆದರೆ ಅದು 2029ರ ಜೂನ್‌ಗೆ ಮುಗಿಯುತ್ತದೆ. ಅಷ್ಟರೊಳಗೆ ಕುಶಲ ಕಾರ್ಮಿಕರ ವೀಸಾಕ್ಕೆ ಪ್ರಾಯೋಜಿಸುವ ಕಂಪನಿ ಸಿಗಬೇಕು. ಆ ವೀಸಾದ ಸಾಮಾನ್ಯ ಸಂಬಳದ ಮಿತಿಯನ್ನು 2025ರ ಜುಲೈನಲ್ಲಿ ವರ್ಷಕ್ಕೆ 41,700 ಪೌಂಡಿಗೆ ಏರಿಸಿದ್ದಾರೆ. ಹೊಸದಾಗಿ ಓದಿ ಬಂದವರಿಗೆ 33,400 ಪೌಂಡಿನ ರಿಯಾಯಿತಿ ಮಿತಿ ಇದೆ, ಅದೂ ಕೆಲವು ವರ್ಷಗಳಿಗಷ್ಟೇ.

ಖರ್ಚಿನಲ್ಲಿ ನಮ್ಮವರು ಮರೆಯುವ ಬಾಬ್ತು ಆರೋಗ್ಯ ಸರ್‌ಚಾರ್ಜ್. ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಿನ ವೀಸಾ ಹದಿನಾರು ಹದಿನೇಳು ತಿಂಗಳು ಇರುವುದರಿಂದ 1,164 ಪೌಂಡ್ ಮುಂಗಡವಾಗಿ ಕಟ್ಟಬೇಕಾಗುತ್ತದೆ. ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,171 ಪೌಂಡಿನಂತೆ, ಲಂಡನ್ನಿನಲ್ಲಿ ಓದುವವರು 1,529 ಪೌಂಡಿನಂತೆ ಒಂಬತ್ತು ತಿಂಗಳ ಹಣವನ್ನು ಖಾತೆಯಲ್ಲಿ ತೋರಿಸಬೇಕು. ಅಲ್ಲಿ ಕೆಲಸ ಸಿಗದಿದ್ದರೂ ಈ ಪದವಿಯಿಂದ ಬೆಂಗಳೂರಿನಲ್ಲಿ ಪ್ರಯೋಜನವಿದೆಯೇ ಎಂದು ಕೇಳಿಕೊಂಡು, ಹೌದೆಂದರೆ ಮಾತ್ರ ಹೋಗಬೇಕಾದ ದೇಶ ಬ್ರಿಟನ್.

ಆಸ್ಟ್ರೇಲಿಯಾ: ಒಪ್ಪಂದ ಕಾಪಾಡಿದ್ದು

ಆಸ್ಟ್ರೇಲಿಯಾದ ಬಗ್ಗೆ ಹೇಳಬೇಕಾದದ್ದು ಕಡಿಮೆ, ಆದರೆ ಅದರಲ್ಲಿ ಒಂದು ಸಂಗತಿ ಬಹಳ ಮುಖ್ಯ. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು. 2024ರ ಜುಲೈ 1ರಂದು ಆ ಸರ್ಕಾರ ಓದಿನ ನಂತರದ ವೀಸಾದ ಅವಧಿಯನ್ನು ಬಹುಪಾಲು ದೇಶದವರಿಗೆ ಮೊಟಕು ಮಾಡಿದಾಗ, ಭಾರತೀಯರಿಗೆ ಒಪ್ಪಂದದಲ್ಲಿ ಹೇಳಿದ್ದ ಅವಧಿ, ಅಂದರೆ ಮಾಸ್ಟರ್ಸ್‌ಗೆ ಮೂರು ವರ್ಷದವರೆಗೆ, ಪಿಎಚ್‌ಡಿಗೆ ನಾಲ್ಕು ವರ್ಷದವರೆಗೆ, ಹಾಗೆಯೇ ಉಳಿಯಿತು. ಕ್ರಯಪತ್ರಕ್ಕೂ ಅಗ್ರಿಮೆಂಟಿಗೂ ಇರುವ ವ್ಯತ್ಯಾಸವೆಂದು ನಾನು ಹೇಳಿದ್ದು ಇದನ್ನೇ.

ಒಪ್ಪಂದದಲ್ಲಿ ಬರೆಯದಿದ್ದ ವಿಷಯಗಳಿಗೆ ಆ ರಕ್ಷಣೆ ಸಿಗಲಿಲ್ಲ. ಅದೇ ದಿನ ಆ ವೀಸಾದ ವಯೋಮಿತಿಯನ್ನು 50ರಿಂದ 35ಕ್ಕೆ ಇಳಿಸಿದರು. ಸಂಶೋಧನಾ ಪದವಿಯವರನ್ನು ಬಿಟ್ಟರೆ, ಆಗಲೇ ತರಗತಿಯಲ್ಲಿ ಕೂತಿದ್ದ 36 ವರ್ಷದವನಿಗೂ ಅದು ಅನ್ವಯಿಸಿತು. ವೀಸಾ ಶುಲ್ಕ ಒಂದೇ ವರ್ಷದೊಳಗೆ 710 ಆಸ್ಟ್ರೇಲಿಯನ್ ಡಾಲರಿನಿಂದ 1,600ಕ್ಕೆ, 2025ರ ಜುಲೈಗೆ 2,000ಕ್ಕೆ ಏರಿತು, ಅರ್ಜಿ ತಿರಸ್ಕೃತವಾದರೆ ಅದು ವಾಪಸು ಬರುವುದಿಲ್ಲ. ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಮಸೂದೆಗೆ 2024ರ ನವೆಂಬರ್‌ನಲ್ಲಿ ಸೆನೆಟ್ಟಿನಲ್ಲಿ ಬೆಂಬಲ ಸಿಗದಿದ್ದಾಗ ಸರ್ಕಾರ ಹಿಂಬಾಗಿಲು ಹಿಡಿಯಿತು. ಒಂದು ವಿಶ್ವವಿದ್ಯಾಲಯ ತನ್ನ ಪಾಲಿನ ಶೇಕಡಾ 80ರಷ್ಟು ತುಂಬಿಸಿಕೊಂಡ ಮೇಲೆ ಅದರ ಅರ್ಜಿಗಳನ್ನು ನಿಧಾನಗೊಳಿಸುವ ನಿರ್ದೇಶನವನ್ನು ಡಿಸೆಂಬರ್‌ನಲ್ಲಿ ಹೊರಡಿಸಿತು. ಜೀವನವೆಚ್ಚಕ್ಕೆ ತೋರಿಸಬೇಕಾದ 29,710 ಡಾಲರ್ ಈ ಐದರಲ್ಲಿ ದೊಡ್ಡ ಮೊತ್ತಗಳಲ್ಲೊಂದು. ಮೂವತ್ತರೊಳಗಿನ, ಕೈಯಲ್ಲಿ ಹಣ ಇರುವ ಮನೆಯ ಹುಡುಗರಿಗೆ ಇದು ಸರಿಯಾದ ದೇಶ.

ಅಮೆರಿಕ: ಹೆಚ್ಚು ಲಾಭ, ಹೆಚ್ಚು ಗಾಳಿ

ಓದಿನ ನಂತರದ ಅವಕಾಶದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಇಂದಿಗೂ ಅಮೆರಿಕಕ್ಕೆ ಸಾಟಿಯಿಲ್ಲ. ಒಪಿಟಿ ಎಂಬ ತರಬೇತಿ ಅವಧಿ 12 ತಿಂಗಳು, ವಿಜ್ಞಾನ ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು, ಒಟ್ಟು ಮೂರು ವರ್ಷ, ಸಂಬಳವೂ ಹೆಚ್ಚು. ಆದರೆ ಈ ಒಪಿಟಿ ಸಂಸತ್ತು ಬರೆದುಕೊಟ್ಟ ಹಕ್ಕಲ್ಲ, ಇಲಾಖೆಯ ನಿಯಮಾವಳಿಯಲ್ಲಿ ಮಾತ್ರ ಇರುವಂಥದ್ದು. ನಂತರ ಕಂಪನಿಯ ಮೂಲಕ ಸಿಗುವ ಎಚ್1ಬಿ ಎಂಬ ಕೆಲಸದ ವೀಸಾಗಳು ವರ್ಷಕ್ಕೆ 65,000, ಅಮೆರಿಕದ ಉನ್ನತ ಪದವೀಧರರಿಗೆ ಇನ್ನೂ 20,000, ಅದಕ್ಕೆ ಲಾಟರಿ. ಅದೂ ದಾಟಿದರೆ ಗ್ರೀನ್ ಕಾರ್ಡ್‌ನಲ್ಲಿ ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಇಲ್ಲವೆಂಬ ಮಿತಿ. ಇಂದು ಸಾಲಿನ ಕೊನೆಯಲ್ಲಿ ನಿಲ್ಲುವ ಭಾರತೀಯನಿಗೆ ಇದು ದಶಕಗಳ ಕಾಯುವಿಕೆ.

2025ರ ಸೆಪ್ಟೆಂಬರ್ 19, ಶುಕ್ರವಾರ. ಮೈಸೂರು ದಸರಾ ಉದ್ಘಾಟನೆಗೆ ಇನ್ನು ಮೂರು ದಿನ. ಹೊಸ ಎಚ್1ಬಿ ಅರ್ಜಿಗೆ 1,00,000 ಡಾಲರ್ ಪಾವತಿಯ ಷರತ್ತನ್ನು ಅಧ್ಯಕ್ಷ ಟ್ರಂಪ್ ಸಹಿ ಹಾಕಿ ಘೋಷಿಸಿದರು, ಭಾನುವಾರದಿಂದ ಜಾರಿ ಎಂದರು. ಹಬ್ಬಕ್ಕೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕಂಪನಿಯಿಂದ ತಕ್ಷಣ ಮರಳುವಂತೆ ಮೇಲ್ ಬಂತು. ಅವನು ಪೆಟ್ಟಿಗೆ ಕಟ್ಟಿ ಬೆಂಗಳೂರಿನ ದಾರಿ ಹಿಡಿದು ಮಂಡ್ಯ ದಾಟುವ ಹೊತ್ತಿಗೆ, ಇದು ಈಗಾಗಲೇ ವೀಸಾ ಇರುವವರಿಗೆ ಅನ್ವಯಿಸುವುದಿಲ್ಲವೆಂಬ ಸ್ಪಷ್ಟನೆ ಬಂತು. ಅಮೆರಿಕದಲ್ಲೇ ಇದ್ದು ವಿದ್ಯಾರ್ಥಿ ವೀಸಾದಿಂದ ಎಚ್1ಬಿಗೆ ಬದಲಾಗುವವರಿಗೂ ಅನ್ವಯಿಸುವುದಿಲ್ಲವೆಂಬುದು ತಿಳಿದದ್ದು ಅಕ್ಟೋಬರ್ 20ರಂದು, ಒಂದು ತಿಂಗಳ ನಂತರ. ಅದೇ ವರ್ಷದ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾ ಸಂದರ್ಶನಗಳ ಹೊಸ ದಿನಾಂಕ ಕೊಡುವುದನ್ನೇ ನಿಲ್ಲಿಸಿ, ಜೂನ್ ಮಧ್ಯದಲ್ಲಿ ಸಾಮಾಜಿಕ ಜಾಲತಾಣದ ಖಾತೆಗಳನ್ನು ಬಹಿರಂಗವಾಗಿಡಬೇಕೆಂಬ ಷರತ್ತಿನೊಂದಿಗೆ ಮತ್ತೆ ಶುರು ಮಾಡಿದ್ದರು. ಎಚ್ಚರಿಕೆಯಿಲ್ಲದೆ ನಾಲೆ ನಿಲ್ಲಿಸಿ, ಮತ್ತೆ ಬಿಟ್ಟು, ಯಾವ ಹಳ್ಳಿಗೆ ಎಷ್ಟೆಂದು ಆಮೇಲೆ ಹೇಳುವ ಕ್ರಮ ಇದು. ಮೊದಲ ಮೂರು ವರ್ಷದ ದುಡಿಮೆಯಲ್ಲಿ ಸಾಲ ತೀರಿಸಿ ಬರುತ್ತೇನೆ ಎನ್ನುವವನಿಗೆ ಅಮೆರಿಕ ಇಂದಿಗೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ನೆಲೆಸುತ್ತೇನೆ ಎನ್ನುವವನಿಗೆ ಬರುವುದಿಲ್ಲ.

ಒಂದು ಚಿಕ್ಕ ಅಡ್ಡಮಾತು

ಪರದೇಶದ ಸರ್ಕಾರಗಳನ್ನು ದೂರುವಾಗ ನನಗೆ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇರಾನಿನ ವಿದ್ಯಾರ್ಥಿ ನೆನಪಾಗುತ್ತಾನೆ. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ. ವಿದೇಶಿಯರಿಗೆ ಮನೆ ಕೊಟ್ಟವರು ಆಗ ಸಿ ಫಾರ್ಮ್ ತುಂಬಿ ಪೊಲೀಸರಿಗೆ ಸಲ್ಲಿಸಬೇಕಿತ್ತು. ನಾನು ಅದನ್ನು ತಡವಾಗಿ ಸಲ್ಲಿಸಿದ್ದರಿಂದ ನೋಂದಣಿಗಾಗಿ ಅವನು ಮೂರು ದಿನ ಕಚೇರಿಗೆ ಅಲೆದ. ವೀಸಾ ವಿಸ್ತರಣೆಯ ವಾರದಲ್ಲಿ ಅವನು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅವನಿಗೆ ನಾವೇ ಆ ಸರ್ಕಾರ.

ಜರ್ಮನಿ: ಕಾಗದ ಗಟ್ಟಿ, ಭಾಷೆ ಗೋಡೆ

ಭಾವನ ಅಳತೆಗೋಲಿಗೆ ಹೆಚ್ಚು ಹತ್ತಿರ ನಿಲ್ಲುವುದು ಜರ್ಮನಿ. ಅಲ್ಲಿ ಓದಿದವನು ಕೆಲಸ ಹುಡುಕಲು ಹದಿನೆಂಟು ತಿಂಗಳು ಉಳಿಯಬಹುದೆಂಬುದು ಸಂಸತ್ತು ಅಂಗೀಕರಿಸಿದ ನಿವಾಸ ಕಾಯ್ದೆಯಲ್ಲಿಯೇ ಇದೆ. ಓದಿಗೆ ತಕ್ಕ ಕೆಲಸ ಸಿಕ್ಕಿ ಎರಡು ವರ್ಷ ದುಡಿದರೆ, ಭಾಷೆ ಮತ್ತು ಪಿಂಚಣಿ ವಂತಿಗೆಯ ಷರತ್ತು ಪೂರೈಸಿದವರಿಗೆ ಕಾಯಂ ನಿವಾಸವೂ ಕಾಯ್ದೆಯ ಪ್ರಕಾರವೇ ಸಿಗುತ್ತದೆ. ಹೆಚ್ಚು ಓದಿದವರ ಕೆಲಸದ ಪರವಾನಗಿಯಾದ ಬ್ಲೂ ಕಾರ್ಡ್‌ಗೆ 2026ರ ಸಂಬಳದ ಮಿತಿ ವರ್ಷಕ್ಕೆ 50,700 ಯೂರೋ. ಪದವಿ ಪಡೆದು ಮೂರು ವರ್ಷದೊಳಗಿನವರಿಗೆ ಸುಮಾರು 45,934 ಯೂರೋ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ, ಆದರೆ ಎಲ್ಲೆಡೆಯೂ ಇಲ್ಲವೆಂದು ತಿಳಿಯಬಾರದು: ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯೂರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋವರೆಗೆ ಪಡೆಯುತ್ತದೆ.

ಜೀವನವೆಚ್ಚಕ್ಕೆ ವರ್ಷಕ್ಕೆ 11,904 ಯೂರೋವನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುತ್ತಾರೆ. ಇದು ಸರ್ಕಾರಕ್ಕೆ ಕಟ್ಟುವ ಹಣವಲ್ಲ, ಹುಡುಗನದೇ ಊಟ ಬಾಡಿಗೆಯ ಹಣ. ಭಾರತೀಯರು 2022ರ ನವೆಂಬರ್‌ನಿಂದ ಎಪಿಎಸ್ ಎಂಬ ಪ್ರಮಾಣಪತ್ರವನ್ನೂ ಪಡೆಯಬೇಕು, ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸಿ ಕೊಡುವ ಪತ್ರ ಅದು. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು.

ಇಷ್ಟೆಲ್ಲ ಇದ್ದೂ ಕನ್ಸಲ್ಟೆನ್ಸಿಗಳು ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಹೆಸರನ್ನು ಕಡಿಮೆ ಎತ್ತುವುದಕ್ಕೆ ಕಾರಣ, ಅವು ಸಾಮಾನ್ಯವಾಗಿ ಕಮಿಷನ್ ಕೊಡದಿರುವುದು. ಅದೇ ದೇಶದ ಖಾಸಗಿ ವಿಶ್ವವಿದ್ಯಾಲಯಗಳ ಪತ್ರವನ್ನು ಮಾತ್ರ ಮನೆಗೇ ತಂದುಕೊಡುತ್ತಾರೆ, ಭಾವನ ಕವರಿನಲ್ಲಿದ್ದ ಜರ್ಮನ್ ಪತ್ರವೂ ಅಂಥದ್ದೇ. ಕಾಯ್ದೆಯ ಲಾಭ ಎರಡಕ್ಕೂ ಒಂದೇ, ಶುಲ್ಕದ ಲಾಭ ಒಂದಕ್ಕೆ ಮಾತ್ರ.

ಗೋಡೆ ಇರುವುದು ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಮಾಸ್ಟರ್ಸ್ ಓದಿ ಮುಗಿಸಬಹುದು, ಆದರೆ ಕಾರ್ಖಾನೆಯ ನೆಲದ ಮೇಲೆ ಕೆಲಸಕ್ಕೆ ಬಿ1, ಬಿ2 ಎಂಬ ಮಧ್ಯಮ ಮಟ್ಟದ ಜರ್ಮನ್ ಇಲ್ಲದೆ ಹದಿನೆಂಟು ತಿಂಗಳು ಬೇಗ ಕರಗುತ್ತದೆ. ರಾಜಕೀಯದ ಗಾಳಿಯೂ ಬದಲಾಗುತ್ತಿದೆ: 2025ರ ಫೆಬ್ರವರಿಯ ಚುನಾವಣೆಯಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷ ಶೇಕಡಾ 20.8ರಷ್ಟು ಮತ ಪಡೆಯಿತು, ಮೂರೇ ವರ್ಷಕ್ಕೆ ಪೌರತ್ವ ಕೊಡುವ ಅವಕಾಶವನ್ನು ಅದೇ ವರ್ಷ ರದ್ದು ಮಾಡಿದರು. ಆದರೂ ಆ ರದ್ದತಿ ಸಂಸತ್ತಿನ ಮತದಾನದಿಂದ ಆಯಿತು, ಐದು ವರ್ಷದ ಸಾಮಾನ್ಯ ದಾರಿ ಉಳಿದುಕೊಂಡಿತು.

ಇಲ್ಲ ಎಂದರೆ ಕೇಳುವವರು ಯಾರು

ಅರ್ಜಿ ತಿರಸ್ಕಾರವಾದಾಗ ಬ್ರಿಟನ್ನಿನಲ್ಲಿ ಆಡಳಿತಾತ್ಮಕ ಮರುಪರಿಶೀಲನೆ ಕೇಳಬಹುದು, ಕೆನಡಾದಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋಗಬಹುದು. ಅಮೆರಿಕದ ಸಂದರ್ಶನದಲ್ಲಿ ಮರಳಿ ಬರುವ ಉದ್ದೇಶ ಕಾಣಲಿಲ್ಲವೆಂದು ನಿರಾಕರಿಸಿದರೆ ಮೇಲ್ಮನವಿಯೇ ಇಲ್ಲ, ಮತ್ತೆ ಶುಲ್ಕ ಕಟ್ಟಿ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಜರ್ಮನಿಗೆ ನಾನು ಕೊಟ್ಟ ಅಂಕದಲ್ಲಿ ಕಳೆಯಬೇಕಾದದ್ದು ಇಲ್ಲಿ: ರಾಯಭಾರ ಕಚೇರಿಗೇ ಪುಕ್ಕಟೆ ಆಕ್ಷೇಪಣೆ ಸಲ್ಲಿಸುವ ಪದ್ಧತಿಯನ್ನು ಅವರು 2025ರ ಜುಲೈ 1ರಿಂದ ನಿಲ್ಲಿಸಿದ್ದಾರೆ. ಈಗ ಉಳಿದದ್ದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನ ಆಡಳಿತ ನ್ಯಾಯಾಲಯ.

ಸಾಲದ ಕಂತು ಮತ್ತು ವೀಸಾದ ಕೊನೆಯ ದಿನ

ನೀತಿಯ ಹೋಲಿಕೆ ಕೊನೆಗೆ ಬಂದು ನಿಲ್ಲಬೇಕಾದದ್ದು ಬ್ಯಾಂಕಿನ ಮುಂದೆ. ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ಕಂತು ಶುರುವಾಗುವ ದಿನಕ್ಕೂ ಓದಿನ ನಂತರದ ವೀಸಾ ಮುಗಿಯುವ ದಿನಕ್ಕೂ ಎಷ್ಟು ಅಂತರವಿದೆಯೆಂದು ಪ್ರತಿ ದೇಶಕ್ಕೂ ಲೆಕ್ಕ ಹಾಕಿ. ಮೇಲಿನ ಬ್ರಿಟನ್ನಿನ ಉದಾಹರಣೆಯಲ್ಲಿ ಕಂತು 2028ರ ಸೆಪ್ಟೆಂಬರ್‌ಗೆ ಶುರುವಾಗುತ್ತದೆ, ವೀಸಾ 2029ರ ಜೂನ್‌ಗೆ ಮುಗಿಯುತ್ತದೆ; ಒಂಬತ್ತು ತಿಂಗಳು. ಕೆನಡಾ, ಅಮೆರಿಕ, ಆಸ್ಟ್ರೇಲಿಯಾಗಳ ಎರಡು ವರ್ಷದ ಮಾಸ್ಟರ್ಸ್‌ನಲ್ಲಿ ಈ ಅಂತರ ಸುಮಾರು ಎರಡು ವರ್ಷ. ಜರ್ಮನಿಯಲ್ಲಿ ಆರೇ ತಿಂಗಳು, ಆದರೆ ಅಲ್ಲಿ ಸಾಲವೇ ಮೂರನೇ ಒಂದು ಪಾಲಾಗಬಹುದು. ಬೋಧನಾ ಶುಲ್ಕವಿಲ್ಲದಿದ್ದರೆ ಎರಡು ವರ್ಷದ ಜೀವನವೆಚ್ಚವಷ್ಟೇ ಮುಖ್ಯ ಖರ್ಚು.

ಭಾವ ಪಹಣಿಯನ್ನು ತಂದಿದ್ದೇ ವ್ಯರ್ಥವಾಯಿತು. ಸಾಲ ಮರುಪಾವತಿಯಾಗದಿದ್ದಾಗ ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಗದ್ದೆಯನ್ನು ಭದ್ರತೆಯಾಗಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೂರು ಎಕರೆ ನೀರಾವರಿ ಭೂಮಿಗಿಂತ ಸಾವಿರದ ಇನ್ನೂರು ಅಡಿ ಸೈಟಿಗೆ ಬೆಲೆ ಹೆಚ್ಚೆಂದು ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸೈಟನ್ನು ಒತ್ತೆ ಇಡಬೇಕಾಗಿಯೂ ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಾದರೆ ಬ್ಯಾಂಕಿಗೆ ಹೋಗುವ ಮೊದಲು ವಿದೇಶ ವ್ಯಾಸಂಗಕ್ಕೆ ನೆರವು ಕೊಡುವ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ವಿಚಾರಿಸಬೇಕು.

ಸೋದರಳಿಯನ ಮಟ್ಟಿಗೆ ನಾವು ತೀರ್ಮಾನಿಸಿದ್ದು ಹೀಗೆ. ಕೆನಡಾದ ಡಿಪ್ಲೊಮಾ ಪತ್ರ ಮತ್ತು ಜರ್ಮನಿಯ ಖಾಸಗಿ ವಿಶ್ವವಿದ್ಯಾಲಯದ ಪತ್ರ ಎರಡನ್ನೂ ಬಿಟ್ಟೆವು. ಬ್ರಿಟನ್ನಿನ ಡೆಪಾಸಿಟ್ ಕಟ್ಟಲು ಉಳಿದಿದ್ದ ವಾರವನ್ನು ಹಾಗೆಯೇ ಕಳೆಯಲು ಬಿಟ್ಟೆವು. ಅವನು ಪಾಳಿ ಮುಗಿಸಿ ಸಂಜೆ ಜರ್ಮನ್ ತರಗತಿಗೆ ಹೋಗುತ್ತಾನೆ, ಎಪಿಎಸ್‌ಗೆ ಅರ್ಜಿ ಹಾಕಿದ್ದಾನೆ, ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಮುಂದಿನ ಪ್ರವೇಶಕ್ಕೆ ತಯಾರಾಗುತ್ತಿದ್ದಾನೆ; ಬಿ1 ಆಗದಿದ್ದರೆ ಆಸ್ಟ್ರೇಲಿಯಾದ ಪತ್ರವನ್ನು ಒಂದು ಅವಧಿಗೆ ಮುಂದೂಡಿಸಿಕೊಂಡಿರುವುದು ಇದ್ದೇ ಇದೆ. ಸೈಟಿನ ಕ್ರಯಪತ್ರ ಸದ್ಯಕ್ಕೆ ನಮ್ಮ ಬೀರುವಿನಲ್ಲಿದೆ. ಪಹಣಿಯನ್ನು ಮಾತ್ರ ಭಾವ ಅದೇ ಕವರಿನಲ್ಲಿ ಸುತ್ತಿ, ಸಂಜೆಯ ಬಸ್ಸಿಗೆ ಪಾಂಡವಪುರಕ್ಕೆ ವಾಪಸು ಒಯ್ದರು.